ಬ್ರಶ್ಶೋ, ಬಸವನಹುಳುವೋ, ಬಾಟ್ಲಿಯೋ? ಹೊಸ ಉಪ್ಪುನೀರಿನ ಟ್ಯಾಂಕಿನ ಹಸಿರು ಪಾಚಿಗೆ ಯಾವುದು ಸರಿ

ಎರಡು ತಿಂಗಳ ಹಿಂದೆ ಗದಗದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣಾರ, ಕಲ್ಲೆಲ್ಲಾ ಹಸರಾಗ್ಯಾವ್ರಿ. ಏನ್ ಹಾಕ್ಲಿ?"

"ಟ್ಯಾಂಕ್ ಇಟ್ಟು ಎಷ್ಟ್ ದಿನಾ ಆತೋ ತಮ್ಮಾ?"

"ಎರಡೂವರಿ ತಿಂಗಳಾತ್ರಿ."

"ಹಂಗಾರ ಹಸರ ಆಗಬೇಕಾದ್ದ. ಏನೂ ಹಾಕಬ್ಯಾಡ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಅವನಿಗೆ ಬೇಕಿದ್ದದ್ದು ಒಂದು ಬಾಟ್ಲಿಯ ಹೆಸರು, ನಾನು ಕೊಟ್ಟದ್ದು ಮುಕ್ಕಾಲು ತಾಸಿನ ಭಾಷಣ. ಅದೇ ಭಾಷಣವನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಯಾಕೆಂದರೆ ಹುಬ್ಬಳ್ಳಿ, ಧಾರವಾಡ, ಹಾವೇರಿ ಕಡೆ ಮನೆಯಲ್ಲಿ ಸಮುದ್ರದ ಮೀನು, ಹವಳ ಸಾಕಲು ಉಪ್ಪುನೀರಿನ ಟ್ಯಾಂಕ್ ಇಟ್ಟವರೆಲ್ಲ ಎರಡನೆಯ ಮೂರನೆಯ ತಿಂಗಳಿನಲ್ಲಿ ಇದೇ ಪ್ರಶ್ನೆ ಕೇಳುತ್ತಾರೆ. ನಾನೂ ಕೇಳಿದ್ದೆ. ಕೇಳಿದ ಅಂಗಡಿಯವರು ಡಬ್ಬಿಯೊಂದನ್ನು ಕೈಗಿಟ್ಟರು. ಅದರ ಕಥೆ ಮುಂದೆ ಬರುತ್ತದೆ.

ಮೊದಲು ಒಂದು ಎಳೆ ಕಿತ್ತು ನೋಡಿ

ಹೊಸ ಟ್ಯಾಂಕಿಗೆ ನಾವು ಹಾಕುವುದು ಬಹುತೇಕ ಒಣ ಕಲ್ಲು. ಅದರ ಮೇಲೆ ಏನೂ ವಾಸವಿಲ್ಲ. ಖಾಲಿ ಬಿಟ್ಟ ಹೊಲಕ್ಕೆ ಮೊದಲ ಮಳೆಯಾದ ಮೇಲೆ ಏನು ಬರುತ್ತದೆ? ಕಸವೇ. ಬ್ಯಾಕ್ಟೀರಿಯಾ ಬೆಳೆದು, ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗುವ ಸೈಕಲ್ ಮುಗಿಯಲು ನಾಲ್ಕರಿಂದ ಆರು ವಾರ ಬೇಕು. ಆ ಹೊತ್ತಿಗೆ ಕಂದು ಪುಡಿಯಂತೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಬಂದು ಹೋಗುತ್ತದೆ, ಹಿಂದೆಯೇ ಹಸಿರು. ಕಲ್ಲಿನ ಒಳಗೆ ಹುದುಗಿದ ಫಾಸ್ಫೇಟ್ ನಿಧಾನಕ್ಕೆ ನೀರಿಗಿಳಿಯುತ್ತಿರುತ್ತದೆ, ಮೇಲಿನಿಂದ ಬೆಳಕು ಬೀಳುತ್ತಿರುತ್ತದೆ. ಪಾಚಿಗೆ ಇನ್ನೇನು ಬೇಕು?

ಆದರೆ ಹಸಿರೆಲ್ಲ ಒಂದೇ ಅಲ್ಲ, ಉಪಾಯ ಆರಿಸುವ ಮೊದಲು ಜಾತಿ ಗೊತ್ತಾಗಬೇಕು. ಚಿಮಟದಿಂದ ಒಂದು ಎಳೆ ಕಿತ್ತು, ಟ್ಯಾಂಕಿನ ನೀರು ಹಾಕಿದ ಬಿಳಿ ಬಟ್ಟಲಲ್ಲಿ ಬಿಡಿ. ಕೀಳಲು ಏನೂ ಸಿಗದೆ ಕಲ್ಲಿಗೆ ಬಣ್ಣ ಬಳಿದಂತಿದ್ದರೆ ಅದು ಹಸಿರು ಪೊರೆ, ಎಲ್ಲಕ್ಕಿಂತ ಸುಲಭದ್ದು. ನೀರಲ್ಲಿ ಕೂದಲಿನಂತೆ ಹರಡಿ, ಹೊರಗೆತ್ತಿದರೆ ಮುದ್ದೆಯಾಗಿ ಜೋತುಬಿದ್ದರೆ ಕೂದಲ ಪಾಚಿ. ಎಳೆಯ ಎರಡೂ ಬದಿಗೆ ಹಕ್ಕಿಗರಿಯಂತೆ ಸಣ್ಣ ಕವಲಿದ್ದರೆ ಬ್ರಯೋಪ್ಸಿಸ್, ಅದು ಹಠಮಾರಿ. ಹಸಿರು ಗಾಜಿನ ಮಣಿಯಂತೆ ಗುಂಡಗಿದ್ದರೆ ಗುಳ್ಳೆ ಪಾಚಿ. ಮುಟ್ಟಿದರೆ ಕೆನೆಯಂತೆ ಹಾಳೆ ಹಾಳೆಯಾಗಿ ಏಳುತ್ತದೆಯೇ? ಅದು ಪಾಚಿಯೇ ಅಲ್ಲ, ಸಯಾನೊಬ್ಯಾಕ್ಟೀರಿಯ. ಕಂದು ಲೋಳೆ, ಅದರ ತುದಿಗೆ ಗಾಳಿಗುಳ್ಳೆ ಇದ್ದರೆ ಡೈನೊಫ್ಲಾಜೆಲೇಟ್. ಇವೆರಡಕ್ಕೂ ಮದ್ದು ಬೇರೆ, ಈ ಬರಹ ಅವಕ್ಕಲ್ಲ.

ನಮ್ಮ ಅವ್ವ ಟ್ಯಾಂಕಿನ ಮುಂದೆ ನಿಂತು, "ಹಿತ್ತಲ ಬಾವಿಗೆ ಹಾವಸಿ ಹಿಡಿದಂಗ ಹಿಡಿದೈತಲ್ಲೋ" ಎಂದಳು. ಹೊಸ ಟ್ಯಾಂಕಿನಲ್ಲಿ ಹತ್ತಕ್ಕೆ ಒಂಬತ್ತು ಸಲ ಇರುವುದು ಆ ಹಾವಸೆಯೇ, ಅಂದರೆ ಪೊರೆ ಇಲ್ಲವೇ ಕೂದಲು.

ನೀರು: ನಳದ್ದೋ, ಬೋರಿನದೋ, ಕಾರವಾರದ್ದೋ

ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುವವರು ಉಣಕಲ್ ಕೆರೆಯ ಅಂತರಗಂಗೆಯನ್ನು ನೋಡಿರುತ್ತಾರೆ. ತೆಗೆಸುತ್ತಾರೆ, ಮತ್ತೆ ಹಬ್ಬುತ್ತದೆ. ಒಳಗೆ ಬರುವ ಕೊಳಚೆ ನಿಲ್ಲುವವರೆಗೆ ಮೇಲಿನ ಹಸಿರು ಹೋಗುವುದು ಹೇಗೆ? ನಿಮ್ಮ ಮೂರಡಿ ಗಾಜಿನ ಕೆರೆಯ ಲೆಕ್ಕವೂ ಅದೇ, ಹಾಗಾಗಿ ಮೊದಲ ಆಯ್ಕೆ ನೀರಿನದು.

ಅವಳಿ ನಗರದ ನಳಕ್ಕೆ ಮುಖ್ಯವಾಗಿ ಮಲಪ್ರಭೆಯ ನೀರು, ಸವದತ್ತಿ ಹತ್ತಿರದ ನವಿಲುತೀರ್ಥದ ಅಣೆಕಟ್ಟಿನಿಂದ ಬರುವುದು. ಅದರಲ್ಲಿ ಕ್ಲೋರಿನ್ ಇರುತ್ತದೆ. ಕ್ಲೋರಿನ್ ಹೋಗಲೆಂದು ಒಂದು ರಾತ್ರಿ ಇಟ್ಟು ಬಳಸಿದರೂ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಎಲ್ಲಿಗೂ ಹೋಗುವುದಿಲ್ಲ. ಬೋರಿನ ನೀರು ಇನ್ನೂ ಬೇಡ. ಗದಗ ಜಿಲ್ಲೆಯ ಹಲವು ಕಡೆ ಅಂತರ್ಜಲ ಗಡಸು, ಫ್ಲೋರೈಡ್ ಬೇರೆ. ಪಾತ್ರೆಯ ತಳಕ್ಕೆ ಬಿಳಿ ಪದರು ಕಟ್ಟುವ ನೀರು ಟ್ಯಾಂಕಿನಲ್ಲಿ ಮಾತ್ರ ಸಾಧುವಾಗಿರುತ್ತದೆಯೇ?

ಇಲ್ಲಿ ಬಹಳ ಜನ ಬೀಳುವ ಗುಂಡಿಯೊಂದಿದೆ, ನಾನೂ ಬಿದ್ದಿದ್ದೆ. ಮನೆಯ ಕುಡಿಯುವ ನೀರಿನ ಆರ್‌ಒ ಯಂತ್ರದ ನೀರೇ ಸಾಕೆಂದು ನಾಲ್ಕು ತಿಂಗಳು ಅದನ್ನೇ ಸುರಿದೆ. ಆಮೇಲೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ ಅದ್ದಿದರೆ 80 ತೋರಿಸಿತು! ಬಿಚ್ಚಿ ನೋಡಿದಾಗ ತಿಳಿಯಿತು, ರುಚಿಗಾಗಿ ಒಂದಿಷ್ಟು ಸೋಸದ ನೀರನ್ನು ಮತ್ತೆ ಬೆರೆಸುವ ಸಣ್ಣ ಸ್ಕ್ರೂ ಒಂದು ಅದರೊಳಗಿದೆ. ಅದನ್ನು ಪೂರ್ತಿ ಮುಚ್ಚಬೇಕು, ಖನಿಜ ಸೇರಿಸುವ ಕಾರ್ಟ್ರಿಜ್ ಇದ್ದರೆ ಅದಕ್ಕಿಂತ ಮೊದಲೇ ನೀರು ಹಿಡಿಯಬೇಕು, ಕೊನೆಗೆ ಅಳಿದುಳಿದ ಲವಣವನ್ನೂ ಹಿಡಿಯುವ ಒಂದು ಡಿಐ ರೆಸಿನ್ ಕೊಳವೆ ಜೋಡಿಸಬೇಕು. ಪೆನ್ 0 ತೋರಿಸಿದರೆ ಆ ನೀರು ಟ್ಯಾಂಕಿಗೆ ಯೋಗ್ಯ.

ಯಾಕಿಷ್ಟು ಹಠ ಅನ್ನುತ್ತೀರಾ? ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಿಸಿಲು 37–38 ಡಿಗ್ರಿಗೆ ಹೋಗುತ್ತದೆ. ಟ್ಯಾಂಕನ್ನು 26ರ ಆಸುಪಾಸಿಗೆ ಇಳಿಸಲು ಮೇಲೆ ಫ್ಯಾನ್ ಇಟ್ಟರೆ ದಿನಕ್ಕೆ ಎರಡು ಲೀಟರ್ ಆರಿಹೋಗುತ್ತದೆ. ಆರುವುದು ಬರೀ ನೀರು, ಅದರಲ್ಲಿದ್ದದ್ದೆಲ್ಲ ಒಳಗೇ ಉಳಿಯುತ್ತದೆ. ತಿಂಗಳಿಗೆ 60 ಲೀಟರ್ ನಳದ ನೀರು ತುಂಬಿಸಿದಿರಿ ಅನ್ನಿ, 60 ಲೀಟರಿನ ಗೊಬ್ಬರವೆಲ್ಲ ನಿಮ್ಮ 150 ಲೀಟರಿನ ಟ್ಯಾಂಕಿನಲ್ಲಿ ಕೂತಿತು. ಆರಿದ್ದಕ್ಕೆ ಸಿಹಿನೀರು ತುಂಬಬೇಕು, ಉಪ್ಪುನೀರು ಬೇಡ ಎನ್ನುವುದು ನಿಮಗೆ ಗೊತ್ತೇ ಇರುತ್ತದೆ. ಆ ಸಿಹಿನೀರು ಸ್ವಚ್ಛವಾಗಿರಬೇಕು ಎನ್ನುವುದನ್ನೇ ಜನ ಮರೆಯುವುದು.

ಇನ್ನು ಕಾರವಾರ. "ಸಮುದ್ರ 160 ಕಿಲೋಮೀಟರ್ ದೂರ ಐತಿ, ಉಪ್ಪಿನ ಪುಡಿಗೆ ಯಾಕ ದುಡ್ಡು?" ಎಂದು ಕ್ಯಾನ್ ಹೊತ್ತು ಅರಬೈಲು ಘಟ್ಟ ಇಳಿಯುವ ಗೆಳೆಯರಿದ್ದಾರೆ. ಪ್ರವಾಸ ಚೆನ್ನಾಗಿರುತ್ತದೆ, ನೀರು ಅಷ್ಟೇನೂ ಅಲ್ಲ. ದಂಡೆಯ ನೀರಿನಲ್ಲಿ ಹೊಳೆಯ ಕೆಸರು, ಪೋಷಕಾಂಶ ಎರಡೂ ಇರುತ್ತವೆ. ಮಳೆಗಾಲದಲ್ಲಿ ಕಾಳಿ ತುಂಬಿ ಹರಿದರೆ ಉಪ್ಪಿನ ಅಂಶವೇ ಇಳಿದಿರುತ್ತದೆ, ನಮಗೆ ಬೇಕಾದದ್ದು 35 ಪಿಪಿಟಿ, ಅಂದರೆ ಸಾವಿರ ಪಾಲಿಗೆ 35 ಪಾಲು ಉಪ್ಪು. ಪುಡಿ ಉಪ್ಪು ದುಬಾರಿಯಾದರೂ ಪ್ರತಿ ಸಲ ಒಂದೇ ತರಹ ಇರುತ್ತದೆ. ಹಾಗೆಯೇ ದಂಡೆಯಿಂದ ಜೀವಂತ ಕಲ್ಲು, ಅಂದರೆ ಜೀವಿಗಳು ನೆಲೆಸಿದ ಕಲ್ಲು, ಎತ್ತಿಕೊಂಡು ಬರುವ ಆಸೆ ಬೇಡವೇ ಬೇಡ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕೈಯಲ್ಲಿರುವ ಕಲ್ಲು ಹವಳವೋ ಅಲ್ಲವೋ ಎಂದು ಕೇಸು ಬಿದ್ದ ಮೇಲೆ ವಾದ ಮಾಡುವುದು ಕಷ್ಟ.

ಬೆಳಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹವಳ ಇನ್ನೂ ಇಡದಿದ್ದರೆ ದಿನಕ್ಕೆ ಆರು ತಾಸು ಸಾಕು, ಬಿಳಿ ಮತ್ತು ಕೆಂಪನ್ನು ಇಳಿಸಿ ನೀಲಿ ಇಟ್ಟುಕೊಳ್ಳಿ. ಕಿಟಕಿಯ ಬಿಸಿಲು ನೇರ ಬೀಳುತ್ತಿದ್ದರೆ ಪರದೆ ಹಾಕಿ.

ಬ್ರಶ್ಶು

ನನ್ನ ಲೆಕ್ಕದಲ್ಲಿ ಮೊದಲ ಬಹುಮಾನ ಇದಕ್ಕೇ. ಮೂವತ್ತು ರೂಪಾಯಿಯ ಹೊಸ ಹಲ್ಲುಜ್ಜುವ ಬ್ರಶ್ಶು, ಏರ್ ಪಂಪಿನ ಸಣ್ಣ ಪೈಪು, ಒಂದು ಬಕೆಟ್. ರಬ್ಬರ್ ಬ್ಯಾಂಡಿನಿಂದ ಪೈಪಿನ ಬಾಯನ್ನು ಬ್ರಶ್ಶಿನ ತಲೆಯ ಪಕ್ಕಕ್ಕೇ ಕಟ್ಟಿ, ಇನ್ನೊಂದು ತುದಿಯನ್ನು ಕೆಳಗಿನ ಬಕೆಟಿಗೆ ಬಿಡಿ. ವೇವ್‌ಮೇಕರ್, ಅಂದರೆ ಒಳಗಿನ ನೀರು ಅಲುಗಿಸುವ ಪಂಪು, ಬಂದ್ ಮಾಡಿ. ತಿಕ್ಕಿದಂತೆಲ್ಲ ಕಿತ್ತುಬಂದ ಎಳೆ ನೀರಲ್ಲಿ ತೇಲುವ ಮೊದಲೇ ಪೈಪಿನೊಳಗೆ ಹೋಗಬೇಕು. ಪೈಪಿಲ್ಲದೆ ತಿಕ್ಕಿದರೆ ಚೂರುಗಳು ಟ್ಯಾಂಕ್ ತುಂಬ ಹರಡಿ ಬಿತ್ತನೆ ಮಾಡಿದಂತಾಗುತ್ತದೆ.

ಬಕೆಟಿನ ಬಾಯಿಗೆ ನಾನು ಹಳೆಯ ಧೋತರದ ತುಂಡು ಕಟ್ಟುತ್ತೇನೆ, ನಾಲ್ಕು ಮಡಿಕೆ, ಸಬಕಾರ ತಾಗದ್ದು. ಹತ್ತು ಲೀಟರ್ ಹರಿದ ಮೇಲೆ ಧೋತರದ ಮೇಲೆ ಸಬ್ಬಸಿಗೆ ಸೊಪ್ಪನ್ನು ಹಿಂಡಿಟ್ಟಂತೆ ಹಸಿರು ಉಂಡೆ ಕೂತಿರುತ್ತದೆ. ಆ ಉಂಡೆಯೇ ನಿಮ್ಮ ನೈಟ್ರೇಟು, ಫಾಸ್ಫೇಟು. ಅದು ಟ್ಯಾಂಕಿನಿಂದ ಹೊರಗೆ ಬಂತು ಎನ್ನುವುದೇ ಬ್ರಶ್ಶಿನ ಹೆಚ್ಚುಗಾರಿಕೆ. ಬಾಟ್ಲಿ ಪಾಚಿಯನ್ನು ಕೊಂದರೆ ಅದು ಅಲ್ಲೇ ಕೊಳೆತು ಮತ್ತೆ ಗೊಬ್ಬರವಾಗುತ್ತದೆ. ಸೋಸಿದ ನೀರನ್ನು ತಿರುಗಿ ಸುರಿಯಬಹುದು, ಇಲ್ಲವೇ ಅದನ್ನೇ ಆ ವಾರದ ನೀರು ಬದಲಾವಣೆ ಎಂದುಕೊಂಡು ಹೊಸ ಉಪ್ಪುನೀರು ಹಾಕಬಹುದು. ಕಲ್ಲು ಸಡಿಲವಿದ್ದರೆ ಎತ್ತಿ ಬಕೆಟಿನ ಟ್ಯಾಂಕ್ ನೀರಿನಲ್ಲೇ ತಿಕ್ಕಿ. ನಳದ ಕೆಳಗೆ ಹಿಡಿದಿರೋ, ಆರು ವಾರ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಹೋಯಿತು.

ಇದರ ದೋಷವೆಂದರೆ ಬೇಸರ. ವಾರಕ್ಕೊಮ್ಮೆ ಅರ್ಧ ತಾಸು, ಆರೇಳು ವಾರ. ಹಾವೇರಿ ಕಡೆಯ ರೈತರಿಗೆ ಇದನ್ನು ವಿವರಿಸಬೇಕಿಲ್ಲ, ಎಡೆ ಹೊಡೆದು ಕೈಯಿಂದ ಕಸ ತೆಗೆದವರಿಗೆ ಒಂದೇ ಸಲಕ್ಕೆ ಮುಗಿಯುವ ಕೆಲಸ ಇದಲ್ಲ ಎಂದು ಗೊತ್ತು. ಬೆನ್ನು ಸ್ವಲ್ಪ ನೋಯುತ್ತದೆ, ಮೊಣಕೈವರೆಗೆ ಉಪ್ಪು ಹತ್ತುತ್ತದೆ. ಗುಳ್ಳೆ ಪಾಚಿಗೆ ಮಾತ್ರ ಬ್ರಶ್ಶು ಬೇಡ, ಒಡೆಯದಂತೆ ಒಂದೊಂದೇ ಬಿಡಿಸಿ ತೆಗೆಯಿರಿ.

ಬಸವನಹುಳು ಮತ್ತು ಅದರ ಬಳಗ

ಎರಡನೆಯ ಆಯ್ಕೆ, ಅಥವಾ ನಿಜ ಹೇಳಬೇಕೆಂದರೆ ಮೊದಲನೆಯದರ ಜೋಡಿ. ಬಸವನಹುಳು ಪೊರೆಯನ್ನೂ ಗಿಡ್ಡ ಮೊಳಕೆಯನ್ನೂ ಕೆರೆದು ತಿನ್ನುತ್ತದೆ, ಉದ್ದ ಕೂದಲಿನ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಎರಡಿಂಚು ಬೆಳೆದ ಪಾಚಿಯ ನಡುವೆ ಹತ್ತು ಹುಳು ಬಿಟ್ಟು, "ಏನೂ ತಿನ್ನಂಗಿಲ್ಲರೀ" ಎಂದು ದೂರುವವರು ಬಹಳ. ಮೊದಲು ಬ್ರಶ್ಶಿನಿಂದ ಬೋಳಿಸಿ, ಆಮೇಲೆ ಹುಳು ಬಿಡಿ. ಮತ್ತೆ ಚಿಗುರುವುದನ್ನು ಅವು ನೋಡಿಕೊಳ್ಳುತ್ತವೆ.

ಯಾವುದು? ಟ್ರೋಕಸ್ ಸಿಕ್ಕರೆ ಅದೇ ಒಳ್ಳೆಯದು, ಅಂಗಾತ ಬಿದ್ದರೂ ತಾನೇ ಮಗುಚಿ ಏಳುತ್ತದೆ. ಆಸ್ಟ್ರೇಯಾ ಚೆನ್ನಾಗಿ ತಿನ್ನುತ್ತದೆ, ಆದರೆ ಮರಳಿನ ಮೇಲೆ ಅಂಗಾತ ಬಿದ್ದರೆ ಏಳಲಾರದು, ನೀವೇ ಎಬ್ಬಿಸಬೇಕು. ಟರ್ಬೊ ದೊಡ್ಡ ಹೊಟ್ಟೆಬಾಕ, ಸ್ವಲ್ಪ ಉದ್ದದ ಪಾಚಿಯನ್ನೂ ಬಿಡದು, ಆದರೆ ಎಮ್ಮೆ ಹೊಕ್ಕಂತೆ ಸಣ್ಣಪುಟ್ಟದ್ದನ್ನು ಕೆಡವುತ್ತಾ ಹೋಗುತ್ತದೆ. ನಸಾರಿಯಸ್ ಪಾಚಿ ತಿನ್ನುವುದೇ ಇಲ್ಲ, ಅದು ಮರಳಿನೊಳಗಿದ್ದು ಉಳಿದ ಆಹಾರ ತಿನ್ನುವಂಥದ್ದು. ಪಾಚಿಗೆಂದು ಅದನ್ನು ಮಾರಿದರೆ ನಕ್ಕು ಮುಂದೆ ಹೋಗಿ. ನನ್ನ 150 ಲೀಟರಿಗೆ ಆರು ಹುಳು ಬಿಟ್ಟಿದ್ದೆ, ಸಾಕಾಯಿತು. ಕಲ್ಲು ಸ್ವಚ್ಛವಾದ ಮೇಲೆ ಅವು ಹಸಿಯಬಾರದಲ್ಲ, ಆಗ ವಾರಕ್ಕೆರಡು ಸಲ ನೋರಿ (ಒಣಗಿಸಿದ ಸಮುದ್ರ ಪಾಚಿ) ಹಾಳೆಯ ತುಂಡು ಕೊಡಬೇಕಾಗುತ್ತದೆ.

ನಮ್ಮೂರಿಗೆ ಇವು ಬರುವುದು ಹೆಚ್ಚಾಗಿ ದೂರದ ಊರಿನಿಂದ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ. ಮೇ ತಿಂಗಳಿನಲ್ಲಿ ತರಿಸಬೇಡಿ. ಬಂದ ತಕ್ಷಣ ಟ್ಯಾಂಕಿಗೆ ಸುರಿಯಲೂ ಬೇಡಿ, ಉಪ್ಪಿನ ಅಂಶದ ಏರುಪೇರನ್ನು ಹುಳು ಮೀನಿಗಿಂತ ಕಡಿಮೆ ತಾಳುತ್ತದೆ. ಸಣ್ಣ ಪೈಪಿಗೆ ಗಂಟು ಹಾಕಿ, ತೊಟ್ಟು ತೊಟ್ಟಾಗಿ ಒಂದೂವರೆ ತಾಸು ನಿಮ್ಮ ನೀರನ್ನು ಅದರ ಚೀಲಕ್ಕೆ ಬಿಡಿ. ಕೆಲವು ಶಂಖಜೀವಿಗಳಿಗೂ ಕಾಯ್ದೆಯ ರಕ್ಷಣೆ ಇರುವುದರಿಂದ ಬಿಲ್ ಕೊಡುವವರಿಂದಲೇ ಕೊಳ್ಳಿ.

ಬಳಗದ ಉಳಿದವರ ಮಾತು ಬೇಗ ಮುಗಿಸುತ್ತೇನೆ. ಎಮರಾಲ್ಡ್ ಏಡಿ ಗುಳ್ಳೆ ಪಾಚಿಗೆ ಒಳ್ಳೆಯದು, ಹೊಟ್ಟೆ ತುಂಬದಿದ್ದರೆ ಬೇರೆಯವರ ಮೇಲೂ ಕಣ್ಣು ಹಾಕುತ್ತದೆ. ಹರ್ಮಿಟ್ ಏಡಿ ಮನೆ ಬೇಕೆಂದು ಬಸವನಹುಳುವನ್ನೇ ಕೊಂದು ಚಿಪ್ಪು ಕಸಿದುಕೊಳ್ಳುತ್ತದೆ, ನನಗದು ಬೇಡ. ಲಾನ್‌ಮೋವರ್ ಬ್ಲೆನ್ನಿ ಎಂಬ ಮೀನು ನೋಡಲು ಮಜಾ, ಆದರೆ ಎರಡೂವರೆ ತಿಂಗಳ ಟ್ಯಾಂಕಿನ ಪಾಚಿ ಮುಗಿದರೆ ಸೊರಗುತ್ತದೆ. ಟ್ಯಾಂಗ್ ಮೀನು ಈಜುವುದಕ್ಕೆ ಮೂರಡಿ ಸಾಲದು. ಪಾಚಿಗಾಗಿ ಟ್ಯಾಂಗ್ ತರುವುದೆಂದರೆ ಅಂಗಳದ ಹುಲ್ಲು ಮೇಯಿಸಲು ಕುದುರೆ ಕೊಂಡಂತೆ.

ಬಾಟ್ಲಿ ಮತ್ತು ಡಬ್ಬಿ

ಈಗ ನನ್ನ ಡಬ್ಬಿಯ ಕಥೆ. ಮೂರನೆಯ ತಿಂಗಳು, ಕಲ್ಲೆಲ್ಲ ಹಸಿರು. ಅಂಗಡಿಯವರು ಕೊಟ್ಟದ್ದು ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳು, ಜಿಎಫ್‌ಒ ಅನ್ನುತ್ತಾರೆ. ಡಬ್ಬಿಯ ಮೇಲೆ ಬರೆದಷ್ಟೂ ಒಂದೇ ದಿನ ಹಾಕಿದೆ. ಹಸಿರು ಹತ್ತು ದಿನದಲ್ಲಿ ಬಿಳಿಚಿತು, ನಾನು ಗೆದ್ದೆ ಎಂದುಕೊಂಡೆ. ಹದಿನೈದನೆಯ ದಿನ ಮರಳಿನ ಮೇಲೆ ಕಂದು ಲೋಳೆ, ತುದಿಯಲ್ಲಿ ಗಾಳಿಗುಳ್ಳೆ. ಫಾಸ್ಫೇಟ್ 0, ನೈಟ್ರೇಟ್ 0. ಪೋಷಕಾಂಶ ಪೂರ್ತಿ ಬತ್ತಿದ ನೀರಿನಲ್ಲಿ ಪಾಚಿ ಸೋತು ಡೈನೊಫ್ಲಾಜೆಲೇಟ್ ಮೇಲುಗೈ ಪಡೆಯುತ್ತದೆ. ಆರರಲ್ಲಿ ನಾಲ್ಕು ಹುಳು ಸತ್ತವು, ಡೈನೊಫ್ಲಾಜೆಲೇಟ್‌ನ ಕೆಲವು ಜಾತಿ ಹುಳುಗಳಿಗೆ ವಿಷ. ಅದನ್ನು ಕಳೆಯಲು ಮೂರು ತಿಂಗಳು ಹಿಡಿಯಿತು. ಹಸಿರಿನ ಜೊತೆಗೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿದ್ದು ಆಗ.

ಆದ್ದರಿಂದ ಜಿಎಫ್‌ಒ ಬೇಕೇಬೇಕು ಎಂದರೆ ಡಬ್ಬಿ ಹೇಳುವುದರ ಕಾಲುಭಾಗದಿಂದ ಶುರು ಮಾಡಿ, ವಾರಕ್ಕೊಮ್ಮೆ ಅಳೆಯಿರಿ. ಫಾಸ್ಫೇಟ್ 0.03ರಿಂದ 0.1, ನೈಟ್ರೇಟ್ 5–10 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ನಡುವೆ ಇದ್ದರೆ ನನಗೆ ಸಮಾಧಾನ. ಒಂದು ಎಚ್ಚರಿಕೆ: ಕಲ್ಲಿನ ಮೇಲೆ ಪಾಚಿ ದಟ್ಟವಾಗಿದ್ದಾಗ ಟೆಸ್ಟ್ ಕಿಟ್ ಸೊನ್ನೆ ತೋರಿಸಿದರೆ ನಂಬಬೇಡಿ, ನೀರಿಗೆ ಬಂದದ್ದನ್ನು ಪಾಚಿಯೇ ನುಂಗಿರುತ್ತದೆ.

ಹೈಡ್ರೋಜನ್ ಪೆರಾಕ್ಸೈಡ್ ಅಗ್ಗ, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 6 ಪ್ರತಿಶತದ್ದು, ಹೊರದೇಶದ ವಿಡಿಯೊಗಳಲ್ಲಿ ಹೇಳುವುದು 3 ಪ್ರತಿಶತದ್ದು. ಲೇಬಲ್ ಓದಿ, ಅರ್ಧಕ್ಕರ್ಧ ಆರ್‌ಒ ನೀರು ಬೆರೆಸಿಕೊಳ್ಳಿ. ಇಡೀ ಟ್ಯಾಂಕಿಗೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಒಂದು ಕಲ್ಲಿನ ಒಂದು ಮೂಲೆಯಲ್ಲಿ ಮಾತ್ರ ಹಠ ಹಿಡಿದ ಗೊಂಚಲಿದ್ದರೆ, ಆ ಕಲ್ಲನ್ನು ಹೊರತೆಗೆದು, ಸೂಜಿಯಿಲ್ಲದ ಸಿರಿಂಜಿನಿಂದ ಹನಿ ಹನಿ ಬಿಟ್ಟು, ಒಂದೆರಡು ನಿಮಿಷ ಬುರುಗೆದ್ದ ಮೇಲೆ ಟ್ಯಾಂಕ್ ನೀರಿನಲ್ಲಿ ತೊಳೆದು ಇಡಿ. ಮೂರ್ನಾಲ್ಕು ದಿನಕ್ಕೆ ಬೆಳ್ಳಗಾಗುತ್ತದೆ, ಹುಳುಗಳು ಬಂದು ಮೇಯುತ್ತವೆ. ಕ್ಲೀನರ್ ಸೀಗಡಿ ಇದ್ದವರು ಇನ್ನೂ ಹುಷಾರಾಗಿರಬೇಕು.

ಫ್ಲುಕೊನಜೋಲ್ ಮನುಷ್ಯರ ಬೂಷ್ಟು ಸೋಂಕಿನ ಮಾತ್ರೆ, ಬ್ರಯೋಪ್ಸಿಸ್‌ಗೆ ಅದು ಕೆಲಸ ಮಾಡುತ್ತದೆ. ಹವ್ಯಾಸಿಗಳ ರೂಢಿಯ ಲೆಕ್ಕ ಲೀಟರಿಗೆ ಸುಮಾರು 5 ಮಿಲಿಗ್ರಾಂ, ಜೊತೆಗೆ ಫಿಲ್ಟರಿನ ಕಾರ್ಬನ್ ತೆಗೆದಿಡಬೇಕು. ಆದರೆ ಅದು ಚೀಟಿಯ ಮೇಲೆ ಕೊಡುವ ಔಷಧಿ, ಮತ್ತು ಗರಿ ಆಕಾರ ಖಚಿತವಾಗದೆ ಅದರ ಹೆಸರೆತ್ತಬಾರದು. ಸಾದಾ ಹಾವಸೆಗೆ ಇದು ಬೇಡ. ಸಿಹಿನೀರಿನ ಪಾಚಿನಾಶಕಗಳಲ್ಲಿ ತಾಮ್ರ ಇರುವುದುಂಟು, ತಾಮ್ರ ಬಿದ್ದ ಟ್ಯಾಂಕಿನಲ್ಲಿ ಹುಳು, ಸೀಗಡಿ, ಹವಳ ಯಾವುದೂ ಬದುಕದು. ಕಲ್ಲು ಅದನ್ನು ಹೀರಿಕೊಂಡು ಮುಂದೆಯೂ ಬಿಡುತ್ತಿರುತ್ತದೆ.

ಉಳಿದ ಉಪಕರಣ

ಯುವಿ ದೀಪ ತೇಲುವ ಪಾಚಿಗೆ, ಕಲ್ಲಿಗಂಟಿದ್ದಕ್ಕೆ ಅದು ಏನೂ ಮಾಡದು. ಮೂರು ದಿನ ಕಂಬಳಿ ಹೊದಿಸಿ ಕತ್ತಲು ಮಾಡಿದರೆ ಕೂದಲ ಪಾಚಿ ಸ್ವಲ್ಪ ಬಾಡಿ ಮತ್ತೆ ಏಳುತ್ತದೆ. ಟ್ಯಾಂಕಿನ ಕೆಳಗೆ ಅದಕ್ಕೇ ಜೋಡಿಸಿದ ಎರಡನೆಯ ತೊಟ್ಟಿ, ಅಂದರೆ ಸಂಪ್, ಇದ್ದವರಿಗೆ ನಾನು ಮನಸಾರೆ ಹೇಳುವುದು ಕೀಟೊಮಾರ್ಫಾ. ಶ್ಯಾವಿಗೆ ಗಂಟಿನಂತಿರುವ ಈ ಪಾಚಿಯನ್ನು ಸಂಪಿನ ಒಂದು ಖಾನೆಯಲ್ಲಿಟ್ಟು, ಮೇಲಿನ ದೀಪ ಆರಿದ ಮೇಲೆ ರಾತ್ರಿ ಅದಕ್ಕೆ ಬೆಳಕು ಕೊಡಿ. ಮೇಲೆ ಬೆಳೆಯಬೇಕಾದದ್ದು ಕೆಳಗೆ ಬೆಳೆಯುತ್ತದೆ, ತಿಂಗಳಿಗೊಮ್ಮೆ ಅರ್ಧ ಹರಿದು ಬಿಸಾಡಿದರಾಯಿತು. ಸಂಪ್ ಇಲ್ಲದವರು ಇದಕ್ಕಾಗಿ ಸಾಲ ಮಾಡುವುದು ಬೇಡ.

ಬರೀ ನೀರು ಬದಲಿಸಿ ಗೆಲ್ಲುತ್ತೇನೆ ಅನ್ನುವವರಿಗೆ ಒಂದು ಗಣಿತ: ನೈಟ್ರೇಟ್ 40 ಇದ್ದಾಗ ಐದನೆಯ ಒಂದು ಪಾಲು ನೀರು ಬದಲಿಸಿದರೆ 32 ಆಗುತ್ತದೆ, ಅಷ್ಟೇ. ಅದರ ಜೊತೆ ಮೀನಿಗೆ ಹಾಕುವ ಆಹಾರ ಕಡಿಮೆ ಮಾಡಿದರೆ ಮಾತ್ರ ಲೆಕ್ಕ ಇಳಿಯುತ್ತದೆ. ಗದಗದ ಹುಡುಗನ ಟ್ಯಾಂಕಿನಲ್ಲಿ ಎರಡು ಕ್ಲೌನ್ ಮೀನು. ದಿನಕ್ಕೆ ಎಷ್ಟು ಸಲ ಹಾಕುತ್ತೀ ಎಂದರೆ, "ನಾ ಒಮ್ಮೆ, ಅವ್ವ ಒಮ್ಮೆ, ತಂಗಿ ಸಾಲಿಯಿಂದ ಬಂದ ಮ್ಯಾಲ ಒಮ್ಮೆರಿ" ಎಂದ!

ಅವನಿಗೆ ಹೇಳಿದ ಕ್ರಮ ಇಷ್ಟೇ: ಆಹಾರ ಒಬ್ಬರ ಕೈಯಲ್ಲಿ ದಿನಕ್ಕೊಮ್ಮೆ. ಬೋರಿನ ನೀರು ಬಂದ್, ಆರ್‌ಒ ಸ್ಕ್ರೂ ಮುಚ್ಚಿ ರೆಸಿನ್ ಹಾಕು. ಬೆಳಕು ಆರು ತಾಸು. ಭಾನುವಾರ ಬ್ರಶ್ಶು. ಮೂರನೆಯ ಭಾನುವಾರದ ಮೇಲೆ ಆರು ಟ್ರೋಕಸ್. ಆರು ವಾರವಾದ ಮೇಲೂ ಕೂದಲು ಬೆಳೆಯುತ್ತಲೇ ಇದ್ದು ಫಾಸ್ಫೇಟ್ 0.2ಕ್ಕಿಂತ ಮೇಲಿದ್ದರೆ ಆಗ ಕಾಲುಭಾಗ ಜಿಎಫ್‌ಒ ಮಾತಾಡೋಣ. ಅಲ್ಲಿಯವರೆಗೆ ಡಬ್ಬಿ ಮುಚ್ಚಿಡು. ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಬೇಡ, ಯಾವುದರಿಂದ ಏನಾಯಿತು ಎಂದು ನಿನಗೇ ತಿಳಿಯದು.

ಮೊನ್ನೆ ಮತ್ತೆ ಫೋನ್ ಬಂತು, ಜೊತೆಗೊಂದು ಫೋಟೊ. ಕಲ್ಲಿನ ಮೇಲೆ ತೆಳ್ಳಗೆ ಹಸಿರು ಇನ್ನೂ ಇತ್ತು, ಅದರಲ್ಲಿ ಹುಳುಗಳು ಮೇಯ್ದ ಹಾದಿ ಅಂಕುಡೊಂಕಾಗಿ ಕಾಣುತ್ತಿತ್ತು. ಅವನ ಚಿಂತೆ ಬೇರೆಯೇ. ಒಂದು ಹುಳುವಿನ ಚಿಪ್ಪಿನ ಮೇಲೂ ಪಕ್ಕದ ಕಲ್ಲಿನ ಮೇಲೂ ಸಾಸಿವೆ ಕಾಳಿನಷ್ಟು ಗುಲಾಬಿ ಚುಕ್ಕೆ ಬಂದಿದ್ದವು. ನಾವೆಲ್ಲ ವರ್ಷಗಟ್ಟಲೆ ಕಾಯುವ ಕೋರಲೈನ್ ಪಾಚಿ, ಹುಳುವಿನ ಬೆನ್ನೇರಿ ಅವನ ಮನೆಗೆ ಬಂದಿತ್ತು. ಕಲ್ಲನ್ನು ಗಟ್ಟಿಯಾಗಿ ಹಿಡಿದು ಹಸಿರಿಗೆ ಜಾಗ ಕೊಡದಂಥದ್ದು.

"ಅಣ್ಣಾರ, ಈ ಚುಕ್ಕಿಗೆ ಏನ್ ಹಾಕ್ಲಿ?"

"ಮಾರಾಯಾ, ಅದನ್ನ ಮಾತ್ರ ತಿಕ್ಕಬ್ಯಾಡ."